ಒಮ್ಮೊಮ್ಮೆ ಕೈಕೊಡುವ ಬೈಕು

ಉಮೇಶನ ಬೈಕು ಕೆಟ್ಟಿದೆ ಎಂದರೆ ಹೊಳನಗದ್ದೆಯಲ್ಲಿ ಯಾರೂ ನಂಬುತ್ತಿರಲಿಲ್ಲ. ನಂಬುವುದಾದರೂ ಹೇಗೆ? ದಿನಾ ಬೆಳಿಗ್ಗೆ ಏಳು ಗಂಟೆಗೆ ಅದು ಅವರ ಮನೆಗಳ ಮುಂದೆಯೇ ಗುಡುಗುಡು ಎನ್ನುತ್ತ ಹೋಗುತ್ತಿತ್ತು, ಸಂಜೆ ಹಾಗೆಯೇ ವಾಪಸು ಬರುತ್ತಿತ್ತು. ನಡುವೆ ಎಲ್ಲೋ ಯಾರದೋ ಕೊಟ್ಟಿಗೆಯ ಬದಿಯಲ್ಲಿ, ಒಮ್ಮೆ ನಾಲ್ಕು ದಿನಕ್ಕೆ, ಇನ್ನೊಮ್ಮೆ ಹದಿನೈದು ದಿನಕ್ಕೆ ಅದು ಹಟ ಹಿಡಿದು ನಿಂತುಬಿಡುವುದನ್ನು ಕಂಡವರು ಕಡಿಮೆ. ಕೀಲಿ ತಿರುಗಿಸಿದರೆ ಹಸಿರು ದೀಪ ಹೊತ್ತುತ್ತಿತ್ತು. ಹಾರ್ನ್ ಕೂಗುತ್ತಿತ್ತು. ಸೆಲ್ಫ್ ಒತ್ತಿದರೆ ಇಂಜಿನ್ ಗರಗರ ತಿರುಗುತ್ತಿತ್ತು. ಸ್ಟಾರ್ಟ್ ಆಗುವುದು ಮಾತ್ರ ಇಲ್ಲ. ಕಿಕ್ ಹೊಡೆದು ಹೊಡೆದು ಮೊಣಕಾಲು ಸೋತ ಮೇಲೆ ಗೇರು ಹಾಕಿ ಯಾರಿಂದಲಾದರೂ ತಳ್ಳಿಸಿದರೆ ಕೆಲವು ಸಲ ಹತ್ತು ಹೆಜ್ಜೆಗೇ ಬುರ್ರೆನ್ನುತ್ತಿತ್ತು, ಕೆಲವು ಸಲ ಇಡೀ ಗದ್ದೆಬಯಲು ದಾಟಬೇಕಾಗುತ್ತಿತ್ತು.

ಉಮೇಶ ದನಗಳಿಗೆ ಕೃತಕ ಗರ್ಭಧಾರಣೆ ಮಾಡುವವನು. ಕುಮಟಾದ ಸುತ್ತಲಿನ ಹತ್ತಾರು ಊರುಗಳಲ್ಲಿ ದನ ಬೆದೆಗೆ ಬಂದರೆ ಮೊದಲು ಹೋಗುವ ಫೋನು ಅವನಿಗೆ. ಅವನು ಓದಿದ್ದು ಪಿಯುಸಿ, ಮೇಲೆ ಮೂರು ತಿಂಗಳ ತರಬೇತಿ. ಆದರೂ ಎಲ್ಲರ ಬಾಯಲ್ಲಿ ಅವನು ಡಾಕ್ಟ್ರು. ಬೈಕಿನ ಪಕ್ಕಕ್ಕೆ ಕಟ್ಟಿದ ಚೀಲದಲ್ಲಿ ಒಂದು ಸಣ್ಣ ಕ್ಯಾನು, ಅದರಲ್ಲಿ ಹೊಗೆಯಾಡುವ ತಣ್ಣನೆಯ ನೈಟ್ರೋಜನ್, ಅದರೊಳಗೆ ಕಡ್ಡಿಯಷ್ಟು ತೆಳ್ಳಗಿನ ನಳಿಗೆಗಳಲ್ಲಿ ಹೋರಿಯ ವೀರ್ಯ. ಈ ಕೆಲಸದಲ್ಲಿ ಗಂಟೆಗಳ ಲೆಕ್ಕ. ಬೆದೆ ಕಂಡ ಮೇಲೆ ಅರ್ಧ ದಿನ, ಬಹಳವೆಂದರೆ ಮುಕ್ಕಾಲು ದಿನ. ಅಷ್ಟರೊಳಗೆ ಹೋಗಿ ಮುಗಿಸದಿದ್ದರೆ ಮತ್ತೆ ಇಪ್ಪತ್ತೊಂದು ದಿನ ಕಾಯಬೇಕು.

ಬಂಗಾರಿಯ ಹಸು ಹೀಗೆ ಎರಡು ಸಲ ಕಾದಿತ್ತು.

ಬಂಗಾರಿಗೆ ಅರವತ್ತು ದಾಟಿದೆ. ಹೆದ್ದಾರಿಯಿಂದ ನಾಲ್ಕು ಕಿಲೋಮೀಟರ್ ಒಳಗೆ, ಗದ್ದೆಬಯಲಿನ ತುದಿಯ ಸಣ್ಣ ಕೇರಿ ಕೊಪ್ಪದಲ್ಲಿ ಸೊಸೆ ದುರ್ಗಿಯ ಜೊತೆ ಇರುತ್ತಾಳೆ. ಬೇಸಿಗೆಯಲ್ಲಿ ಗದ್ದೆಗೆ ಬಸಳೆ, ಸೌತೆ, ಹರಿವೆ ಹಾಕಿ ಕುಮಟಾದ ಸಂತೆಗೆ ಒಯ್ಯುತ್ತಾಳೆ. ಮದುವೆಮನೆಗಳಲ್ಲಿ ಹಾಡು ಹೇಳಲು ಅವಳನ್ನು ಹತ್ತಾರು ಊರಿನವರು ಕರೆಯುತ್ತಾರೆ. ಆದ್ದರಿಂದ ಅವಳು ಒಬ್ಬರ ಬಗ್ಗೆ ಏನಾದರೂ ಅಂದರೆ ಅದು ಹತ್ತಾರು ಊರಿಗೆ ಗೊತ್ತಾಗುತ್ತಿತ್ತು.

ನವೆಂಬರಿನ ಕೊನೆಯಲ್ಲಿ, ಎರಡನೆಯ ಸಲ ತಪ್ಪಿದ ಮರುದಿನ, ಉಮೇಶ ಮೋರೆ ಸಣ್ಣ ಮಾಡಿಕೊಂಡು ಅವಳ ಅಂಗಳಕ್ಕೆ ಹೋಗಿದ್ದ. ಬಂಗಾರಿ ಬಸಳೆ ಚಪ್ಪರಕ್ಕೆ ಗೂಟ ಹುಗಿಯುತ್ತಿದ್ದಳು. ತಲೆ ಎತ್ತಲಿಲ್ಲ.

"ಗಾಡಿ ಸ್ಟಾರ್ಟೇ ಆಗ್ಲಿಲ್ಲ ಬಂಗಾರಕ್ಕ. ಮಿರ್ಜಾನದಲ್ಲಿ ನಾಲ್ಕು ಗಂಟೆ ತನಕ ಸಿಕ್ಕಿಹಾಕ್ಕಂಡಿದ್ದೆ."

"ಈಗ ಎಂತದ್ರ ಮೇಲೆ ಬಂದೆ?"

"ಅದ್ರ ಮೇಲೇ. ಸಂಜೆ ಸರಿ ಆತು, ಅಷ್ಟ್ರಲ್ಲಿ ಹೊತ್ತು ಮೀರಿತ್ತು."

"ಅದೇ ಕಾಣು," ಎಂದು ಬಂಗಾರಿ ಗೂಟದ ತಲೆಗೆ ಕಲ್ಲಿನಿಂದ ಕುಟ್ಟಿದಳು. "ನಮ್ಮನೆ ದಾರಿಗೆ ಬರ್ಬೇಕಾದ್ರೆ ಮಾತ್ರ ಕೆಡ್ತದೆ ನಿನ್ನ ಗಾಡಿ. ರಸ್ತೆ ಬದಿ ದೊಡ್ಡ ಮನೆಗೆ ಹೋಗುವಾಗ ಸಾಪ್ ಓಡ್ತದೆ. ನಮ್ಮನೇದು ಒಂದೇ ದನ ಅಲ್ದ ತಮ್ಮ, ಅದ್ಕೆ."

ಅವಳ ಮಾತು ಪೂರ್ತಿ ಸುಳ್ಳಾಗಿದ್ದರೆ ಉಮೇಶ ಜಗಳವನ್ನಾದರೂ ಮಾಡಬಹುದಿತ್ತು.

ಮೊದಲನೆಯ ಸಲ, ನವೆಂಬರಿನ ಆರಂಭದಲ್ಲಿ, ಬೆಳಿಗ್ಗೆ ಏಳೂವರೆಗೆ ದುರ್ಗಿಯ ಫೋನು ಬಂದಾಗಲೂ ಬೈಕು ಕೈಕೊಟ್ಟಿತ್ತು, ನಿಜ. ಆದರೆ ಹತ್ತು ಗಂಟೆಗೆ ಅದು ತಾನಾಗಿ ಸ್ಟಾರ್ಟ್ ಆಗಿತ್ತು. ಆಗ ಅವನು ಕೊಪ್ಪದ ದಾರಿ ಹಿಡಿಯಲಿಲ್ಲ. ರಸ್ತೆ ಬದಿಯಲ್ಲಿ ಎಂಟು ಹಸು ಕಟ್ಟಿದ ವಿನೋದನ ಡೇರಿಯಿಂದಲೂ ಫೋನು ಬಂದಿತ್ತು, ಅಲ್ಲಿಗೆ ಹೋದ. ಕೆಲಸ ಮುಗಿಯುವಾಗ ಊಟದ ಹೊತ್ತು. ಬಂಗಡೆ ಮೀನಿನ ಸಾರು ಆಗಿದೆ ಎಂದು ವಿನೋದ ಎಳೆದು ಕೂರಿಸಿದ. ಊಟವಾದ ಮೇಲೆ ನಾಲ್ಕು ಕಿಲೋಮೀಟರ್ ಗದ್ದೆಹಾದಿ ನೆನೆದು ಮೈ ಭಾರವಾಯಿತು. ದುರ್ಗಿ ಮತ್ತೆ ಫೋನು ಮಾಡಿದಾಗ, "ಇನ್ನೂ ಸ್ಟಾರ್ಟ್ ಆಗ್ಲಿಲ್ಲ, ನಾಳೆ ಬರ್ತೆ" ಎಂದುಬಿಟ್ಟಿದ್ದ. ಆ ಸಲ ಸುಳ್ಳು ಹೇಳಿದಾಗ ಬಂಗಾರಿ ನಂಬಿದ್ದಳು. ಈ ಸಲ ನಿಜ ಹೇಳಿದರೆ ನಂಬುತ್ತಿಲ್ಲ.

ಮನೆಗೆ ಬಂದು ಹೆಂಡತಿ ಮಾಲಿನಿಯೆದುರು ಬೈಕನ್ನು ಬೈದ. ಕುಮಟಾದ ಗ್ಯಾರೇಜಿನಲ್ಲಿ ಈಗಾಗಲೇ ಕಾರ್ಬುರೇಟರ್ ಬಿಚ್ಚಿ ತೊಳೆದಿದ್ದರು, ಪ್ಲಗ್ ಬದಲಿಸಿದ್ದರು, ಆಮೇಲೆ ಬ್ಯಾಟರಿ, ಆಮೇಲೆ ಕಾಯಿಲ್. ಪ್ರತಿ ಸಲವೂ ಗಾಡಿ ಅಲ್ಲಿ ಒಂದೇ ಕಿಕ್ಕಿಗೆ ಸ್ಟಾರ್ಟ್ ಆಗುತ್ತಿತ್ತು. ಬಿಚ್ಚುವ ಮೊದಲೂ ಆಗುತ್ತಿತ್ತು, ಜೋಡಿಸಿದ ಮೇಲೂ ಆಗುತ್ತಿತ್ತು. ಮೆಕ್ಯಾನಿಕ್ಕು ಒರೆಸಿಕೊಂಡ ಕೈಯನ್ನೇ ಮತ್ತೆ ಒರೆಸಿಕೊಳ್ಳುತ್ತ, "ಗಾಡೀಲಿ ಎಂತದೂ ಇಲ್ಲ" ಎನ್ನುತ್ತಿದ್ದ.

"ನಮ್ಮೂರಲ್ಲಿ ಭಾಸ್ಕರಣ್ಣಂಗೆ ಒಂದ್ಸಲ ತೋರ್ಸಿ," ಎಂದಳು ಮಾಲಿನಿ. ಅವಳ ತವರು ಹೊನ್ನಾವರದ ಹತ್ತಿರದ ಕರ್ಕಿ. "ಅಪ್ಪಯ್ಯನ ಹಳೇ ಗಾಡಿ ಅವ್ರೇ ನೋಡ್ತಿದ್ರು. ಮಾತು ಸ್ವಲ್ಪ ಒರಟು."

ಭಾಸ್ಕರನ ಗ್ಯಾರೇಜು ಎಂದರೆ ಹೆದ್ದಾರಿಯ ಕೆಳಗೆ ತಗಡು ಹೊದಿಸಿದ ಒಂದು ಮಾಡು. ಅರವತ್ತರ ಆಸುಪಾಸಿನ ಮನುಷ್ಯ, ಕಣ್ಣಿಗೆ ದಪ್ಪ ಕನ್ನಡಕ. ಉಮೇಶ ಬದಲಿಸಿದ ಸಾಮಾನುಗಳ ಪಟ್ಟಿ ಹೇಳಲು ಹೊರಟಾಗ ಆತ ಕೈ ಅಡ್ಡ ಹಿಡಿದ.

"ಅವ್ರು ಎಂತ ಬದಲ್ ಮಾಡಿದ್ರು ಅಂತ ನಂಗೆ ಬೇಡ. ಅದು ಎಲ್ಲಿ ನಿಂತಿತ್ತು ಹೇಳು."

"ಎಲ್ಲಿ ಅಂದ್ರೆ? ಮಿರ್ಜಾನದಲ್ಲಿ, ಮತ್ತೆ..."

"ಊರಲ್ಲ ಮಾರಾಯಾ. ಬಿಸಿಲಲ್ಲಾ, ನೆರಳಲ್ಲಾ? ಓಡ್ಸಿ ಬಂದು ಎಷ್ಟು ಹೊತ್ತಿಗೆ? ಮಳೆ ಬಂದಿತ್ತಾ? ಸೈಡ್ ಸ್ಟ್ಯಾಂಡಾ, ಡಬಲ್ ಸ್ಟ್ಯಾಂಡಾ?"

ಉಮೇಶ ಕಣ್ಣು ಕಣ್ಣು ಬಿಟ್ಟ. ಯಾವ ಮನೆಯ ಯಾವ ಹಸು ಯಾವ ತಾರೀಕಿಗೆ ಬೆದೆಗೆ ಬಂದಿತ್ತು ಎಂದು ಕೇಳಿದ್ದರೆ ಪುಸ್ತಕ ತೆರೆಯದೆ ಹೇಳುತ್ತಿದ್ದ. ಇದು ಒಂದೂ ನೆನಪಿರಲಿಲ್ಲ.

ಭಾಸ್ಕರ ಬೈಕನ್ನು ಡಬಲ್ ಸ್ಟ್ಯಾಂಡಿಗೆ ಎಳೆದು ಕಿಕ್ ಹೊಡೆದ. ಒಂದೇ ಏಟಿಗೆ ಸ್ಟಾರ್ಟ್ ಆಯಿತು. ಬಂದ್ ಮಾಡಿ ಮತ್ತೆ ಹೊಡೆದ. ಮತ್ತೆ ಆಯಿತು.

"ತಕಂಡು ಹೋಗು. ಸರಿ ಇದ್ದ ಗಾಡಿ ಬಿಚ್ಚಿ ನಾ ಎಂತ ಹುಡುಕ್ಲಿ? ಅದು ಸ್ಟಾರ್ಟ್ ಆಗ್ದೇ ಇದ್ದಾಗ ನಂಗೆ ಬೇಕು."

"ಆಗ್ದೇ ಇದ್ರೆ ಇಲ್ಲಿ ತನಕ ತರುದು ಹ್ಯಾಂಗೆ ಭಾಸ್ಕರಣ್ಣ?"

ಆತ ಒಳಗಿನಿಂದ ಒಂದು ಹಳೆಯ ಪ್ಲಗ್ ತಂದು ಉಮೇಶನ ಕೈಯಲ್ಲಿ ಇಟ್ಟ. "ಇದು ಕಿಸೆಯಲ್ಲಿ ಇರ್ಲಿ. ಗಾಡಿ ಹಟ ಮಾಡ್ದಾಗ ತಳ್ಳುಕೆ ಹೋಗ್ಬೇಡ, ಅಲ್ಲಾಡ್ಸ್ಬೇಡ. ಇಂಜಿನ್ ಪ್ಲಗ್ಗಿನ ಟೋಪಿ ತೆಗ್ದು ಇದಕ್ಕೆ ಹಾಕು, ಇದರ ಮೈ ಇಂಜಿನ್ನಿಗೆ ತಾಗ್ಸಿ ಇಡು, ಸೆಲ್ಫ್ ಒತ್ತು. ತುದೀಲಿ ನೀಲಿ ಕಿಡಿ ಬತ್ತದಾ ನೋಡು. ಬಂದ್ರೆ ಪೆಟ್ರೋಲಿನ ತಕರಾರು. ಬರ್ದೇ ಇದ್ರೆ ಕರೆಂಟಿನ ತಕರಾರು. ಅರ್ಧ ಕೆಲ್ಸ ಅಲ್ಲೇ ಆಗೋಗ್ತದೆ. ನೋಡಿ ನಂಗೆ ಫೋನ್ ಮಾಡು." ಹೊರಟವನನ್ನು ಮತ್ತೆ ಕರೆದು ಕೇಳಿದ: "ಇದು ಯಾರ ಕೈಯಿಂದ ತಕಂಡದ್ದು?"

"ಭಟ್ಕಳದ್ದು. ತೆಂಗಿನಗುಂಡಿಯಲ್ಲಿ ಮೀನು ವ್ಯಾಪಾರ ಮಾಡ್ತಿದ್ದವ್ರು ಓಡಿಸ್ತಿದ್ರು."

"ಹ್ಞೂಂ," ಎಂದ ಭಾಸ್ಕರ.

ಅಂದಿನಿಂದ ಉಮೇಶ ಬೈಕು ಕೆಡುವುದನ್ನೇ ಕಾಯತೊಡಗಿದ. ಕೆಡಲಿಲ್ಲ. ಒಂದು ವಾರವಾಯಿತು, ಹತ್ತು ದಿನವಾಯಿತು. ಪ್ರತಿ ಮನೆಯ ಕೆಲಸ ಮುಗಿಸಿ ಬಂದು ಸೆಲ್ಫ್ ಒತ್ತುವಾಗ ಕಿಸೆಯ ಪ್ಲಗ್ಗನ್ನು ಮುಟ್ಟಿ ನೋಡಿಕೊಳ್ಳುತ್ತಿದ್ದ. ಗಾಡಿ ಅವನನ್ನು ಅಣಕಿಸುವಂತೆ ಬುರ್ರೆನ್ನುತ್ತಿತ್ತು. ಸಂಜೆ ಬಂದವನ ಮುಖ ನೋಡಿಯೇ ಮಾಲಿನಿ, "ಇವತ್ತೂ ಕೆಡ್ಲಿಲ್ವಾ?" ಎಂದು ನಗುತ್ತಿದ್ದಳು.

ಆ ದಿನಗಳಲ್ಲಿ ಅವನಿಗೆ ಇನ್ನೊಂದು ಸಂಗತಿ ತಿಳಿದುಬಂತು. ಬೈಕು ಕೆಡದೆ ಹತ್ತು ದಿನ ಓಡಿದಾಗ, ತಾನು ಎಲ್ಲಿಗೆ ತಡವಾಗಿ ಹೋಗಿದ್ದನೋ ಅಲ್ಲೆಲ್ಲ ಕಾರಣ ತಾನೇ ಆಗಿದ್ದ. ಒಬ್ಬರ ಮನೆಯಲ್ಲಿ ಚಹಾಕ್ಕೆ ಕೂತದ್ದು, ಇನ್ನೊಬ್ಬರ ಜೊತೆ ಮಾತಿಗೆ ನಿಂತದ್ದು. "ಗಾಡಿ ಮಾರಾಯ್ರೆ" ಎಂಬ ಮಾತು ನಾಲಿಗೆಯ ತುದಿಗೆ ಎರಡು ಸಲ ಬಂದು, ಹೇಳದೆ ನುಂಗಿಕೊಂಡ. ಬೈಕು ಕೊಂಡ ಈ ನಾಲ್ಕು ತಿಂಗಳಲ್ಲಿ ಎಷ್ಟು ಸಲ ಹೇಳಿದ್ದೆ, ಅದರಲ್ಲಿ ಎಷ್ಟು ಸಲ ನಿಜವಾಗಿಯೂ ಗಾಡಿಯ ತಪ್ಪಿತ್ತು ಎಂದು ನೆನೆಸಿಕೊಳ್ಳಲು ಹೋಗಿ, ಮುಜುಗರವಾಗಿ ಬಿಟ್ಟುಬಿಟ್ಟ.

ಡಿಸೆಂಬರ್ ಮಧ್ಯದಲ್ಲಿ ಒಂದು ಬೆಳಿಗ್ಗೆ ದುರ್ಗಿಯ ಫೋನು ಬಂತು. "ಡಾಕ್ಟ್ರೇ, ರಾತ್ರಿಯಿಂದ ಕೂಗ್ತದೆ. ಅತ್ತೆ ಫೋನ್ ಮಾಡ್ಬೇಡ ಅಂದ್ರು, ನಾನೇ ಮಾಡ್ದೆ."

"ಹೊರಟೆ," ಎಂದ ಉಮೇಶ. ಅರ್ಧ ಕುಡಿದ ಚಹಾ ಅಲ್ಲೇ ಬಿಟ್ಟ.

ಗದ್ದೆಗಳಲ್ಲಿ ಕೊಯಿಲು ಮುಗಿದಿತ್ತು. ಕೂಳೆಯ ನಡುವೆ ಸವೆದ ಹಾದಿಯಲ್ಲಿ ಅವನು ಎಂಟು ಗಂಟೆಯೊಳಗೆ ಬಂಗಾರಿಯ ಅಂಗಳಕ್ಕೆ ಹೋಗಿ ನಿಂತ. ಹುಲ್ಲಿನ ಬಣವೆಗೂ ಬೇಲಿಗೂ ನಡುವೆ ಇದ್ದ ಇಕ್ಕಟ್ಟು ಜಾಗದಲ್ಲಿ ಬೈಕನ್ನು ತೂರಿಸಿ, ದನ ಹೋಗಲು ದಾರಿಯಿರಲೆಂದು ಹ್ಯಾಂಡಲನ್ನು ಪೂರಾ ಎಡಕ್ಕೆ ಹೊರಳಿಸಿ, ಸೈಡ್ ಸ್ಟ್ಯಾಂಡ್ ಹಾಕಿದ. ಬಂಗಾರಿ ಬಾಗಿಲಲ್ಲಿ ಕಾಣಿಸಿಕೊಂಡು, ಬೈಕನ್ನೂ ಅವನನ್ನೂ ನೋಡಿ, ಕೊಟ್ಟಿಗೆಗೆ ನಡೆದಳು. ಹಸು ಒಳ್ಳೆಯ ಬೆದೆಯಲ್ಲಿತ್ತು. ದುರ್ಗಿ ಕೊರಳು ಹಿಡಿದಳು, ಉಮೇಶ ಕೆಲಸ ಮುಗಿಸಿದ. ಹತ್ತು ನಿಮಿಷ ಹಿಡಿಯಲಿಲ್ಲ. ಕೈ ತೊಳೆದು ಕ್ಯಾನು ಚೀಲಕ್ಕೆ ಹಾಕಿ, ಬೈಕಿನ ಪಕ್ಕದಲ್ಲೇ ನಿಂತು ಸೆಲ್ಫ್ ಒತ್ತಿದ.

ಗರಗರಗರ. ಇಲ್ಲ.

ಮತ್ತೊಮ್ಮೆ ಒತ್ತಿದ. ಇಲ್ಲ. ಹಸಿರು ದೀಪ ತನ್ನ ಪಾಡಿಗೆ ಉರಿಯುತ್ತಿತ್ತು.

ಬಂಗಾರಿ ಹತ್ತಿರ ಬಂದಳು. "ಎಂತ ಆತು?"

"ಇದೇ ಬಂಗಾರಕ್ಕ. ಇದೇ ನಾ ಹೇಳ್ತಿದ್ದದ್ದು." ಉಮೇಶನ ದನಿಯಲ್ಲಿ ಸಂತೋಷವೇ ಇತ್ತು. ಗಾಡಿ ಕೆಟ್ಟು ನಿಂತದ್ದಕ್ಕೆ ಇಷ್ಟು ಹಿಗ್ಗುವ ಮನುಷ್ಯನನ್ನು ಬಂಗಾರಿ ಮೊದಲು ಕಂಡಿರಲಿಲ್ಲ.

ತಳ್ಳಬೇಡ, ಅಲ್ಲಾಡಿಸಬೇಡ ಎಂದದ್ದು ನೆನಪಾಯಿತು. ಉಮೇಶ ಬಗ್ಗಿ ಟೋಪಿ ಕಿತ್ತು ಕಿಸೆಯ ಪ್ಲಗ್ಗಿಗೆ ಸಿಕ್ಕಿಸಿ ಇಂಜಿನ್ನಿನ ಸಂದಿಯಲ್ಲಿ ತಾಗಿಸಿಟ್ಟ. ಆದರೆ ಎಳೆಬಿಸಿಲು ನೇರ ಅಲ್ಲಿಗೇ ಬೀಳುತ್ತಿತ್ತು, ಸಣ್ಣ ಕಿಡಿ ಕಾಣುವಂತಿರಲಿಲ್ಲ. ಸೆಲ್ಫ್ ಒತ್ತಲು ಮೇಲೆ ನಿಲ್ಲಬೇಕು, ನೋಡಲು ಕೆಳಗೆ ಕೂರಬೇಕು.

"ಬಂಗಾರಕ್ಕ, ಒಂದು ಉಪಕಾರ ಮಾಡ್ತೀರಾ? ಇದ್ರ ತುದೀಲಿ ನೀಲಿ ಕಿಡಿ ಬತ್ತದಾ ಕಾಣ್ಬೇಕು. ಕೈ ತಾಗ್ಸ್ಬೇಡಿ, ಶಾಕ್ ಹೊಡೀತದೆ."

ಬಂಗಾರಿ ಒಂದು ಗಳಿಗೆ ಅವನ ಮುಖ ನೋಡಿದಳು. ಆಮೇಲೆ ದುರ್ಗಿಯಿಂದ ಅಕ್ಕಿ ಕೇರುವ ಗೆರಸಿ ತರಿಸಿ, ಅದನ್ನು ಬಿಸಿಲಿಗೆ ಅಡ್ಡ ಹಿಡಿದು ಬೈಕಿನ ಪಕ್ಕ ಕುಕ್ಕರಗಾಲಲ್ಲಿ ಕೂತಳು. ಉಮೇಶ ಸೆಲ್ಫ್ ಒತ್ತಿದ.

"ಎಂತದೂ ಇಲ್ಲ."

"ಸರಿ ಕಂಡ್ರಾ?"

"ನಂಗೆ ಕಣ್ಣು ಕಾಣ್ತದೆ ತಮ್ಮ. ಎಂತದೂ ಇಲ್ಲ."

ಹಾಗಾದರೆ ಕರೆಂಟು. ಪೆಟ್ರೋಲು ಅಲ್ಲ, ಕಾರ್ಬುರೇಟರ್ ಅಲ್ಲ. ಉಮೇಶ ಇದನ್ನು ಭಾಸ್ಕರನಿಗೆ ಹೇಳಲು ಫೋನು ತೆಗೆಯುವ ಮೊದಲು ಇನ್ನೊಮ್ಮೆ ಖಾತ್ರಿ ಮಾಡಿಕೊಳ್ಳೋಣವೆಂದು ಬಗ್ಗಿದ. ಬಣವೆ ಬೆನ್ನಿಗೆ ತಾಗುತ್ತಿತ್ತು. ಜಾಗ ಸಾಲದೆ ಹ್ಯಾಂಡಲನ್ನು ಸ್ವಲ್ಪ ಆಚೆ ನೂಕಿ, ಮತ್ತೆ ಗುಂಡಿ ಒತ್ತಿದ.

"ಬಂತು!" ಬಂಗಾರಿ ಗೆರಸಿ ಸಮೇತ ಹಿಂದಕ್ಕೆ ಸರಿದಳು. "ಚಟಪಟ ಅಂತದೆ. ನೀಲಿ!"

"ಈಗ ಎಂತ ಮಾಡಿದ್ರಿ?"

"ನಾ ಎಂತ ಮಾಡುದು? ನೀನೇ ಅದ್ರ ಕೋಡು ತಿರುಗ್ಸಿದೆ."

ಉಮೇಶ ಹ್ಯಾಂಡಲಿನ ಕಡೆ ನೋಡಿದ. ನಿಧಾನವಾಗಿ ಅದನ್ನು ಮತ್ತೆ ಪೂರಾ ಎಡಕ್ಕೆ ತಂದು ಸೆಲ್ಫ್ ಒತ್ತಿದ. "ಇಲ್ಲ," ಎಂದಳು ಬಂಗಾರಿ. ನೇರ ಮಾಡಿದ. "ಇಲ್ಲ... ತಡಿ, ಸ್ವಲ್ಪ ಅಲ್ಲಾಡ್ಸು. ಹಾಂ, ಬಂತು." ಎಡಕ್ಕೆ. "ಇಲ್ಲ." ನೇರ. "ಬಂತು." ಐದಾರು ಸಲ ಹೀಗೆಯೇ ಆಯಿತು. ದುರ್ಗಿಯೂ ಬಂದು ಅತ್ತೆಯ ಹೆಗಲ ಮೇಲಿಂದ ಇಣುಕಿದಳು. ಕೊನೆಗೆ ಬಂಗಾರಿ ಮೊಣಕಾಲು ಹಿಡಿದುಕೊಂಡು ಎದ್ದು, "ಗಾಡಿ ಕೆಟ್ಟದ್ದು ನಿಜವೇ ಹಂಗಾರೆ," ಎಂದಳು. ಅವಳ ದನಿ ಮೆತ್ತಗಾಗಿತ್ತು.

ಫೋನಿನಲ್ಲಿ ಭಾಸ್ಕರ ಪೂರ್ತಿ ಕೇಳಿದ. "ಗದ್ದೆ ಬದುವಿನಲ್ಲಿ ಪೂರಾ ಎಡಕ್ಕೆ ಹೊರಳ್ಸುವಾಗ ಯಾವತ್ತಾದ್ರೂ ಪಕ್ಕನೆ ಬಂದ್ ಬಿದ್ದದ್ದು ಅದೆಯಾ?"

"ಎರಡು ಸಲ. ನಾನು ಕ್ಲಚ್ ತಪ್ಪಿ ಬಿಟ್ಟೆ ಅಂತ ಮಾಡಿದ್ದೆ."

"ಬಾ," ಎಂದ ಭಾಸ್ಕರ. "ಹ್ಯಾಂಡಲ್ ಪೂರಾ ತಿರುಗ್ಸ್ಬೇಡ, ಸೀದಾ ಬಾ."

ಕರ್ಕಿಯಲ್ಲಿ ಆತ ಹೆಡ್‌ಲೈಟು ಬಿಚ್ಚಿ, ಟ್ಯಾಂಕು ಇಳಿಸಿ, ಹ್ಯಾಂಡಲಿನ ಕುತ್ತಿಗೆಯ ಬಳಿ ಹಾದುಹೋಗುವ ವೈರುಗಳ ಕಟ್ಟನ್ನು ಹೊರಗೆಳೆದ. ಹಿಂದೆ ಯಾರೋ ಅದನ್ನು ಪ್ಲಾಸ್ಟಿಕ್ ಪಟ್ಟಿಯಿಂದ ಚೌಕಟ್ಟಿಗೆ ಬಿಗಿದು ಕಟ್ಟಿದ್ದರು, ಒಂದು ಬೆರಳು ತೂರುವಷ್ಟೂ ಸಡಿಲ ಬಿಟ್ಟಿರಲಿಲ್ಲ. ಹ್ಯಾಂಡಲು ಎಡಕ್ಕೆ ಹೊರಳಿದಾಗಲೆಲ್ಲ ವೈರುಗಳು ಜಗ್ಗಿಕೊಳ್ಳುತ್ತಿದ್ದವು. ಭಾಸ್ಕರ ಪಟ್ಟಿ ಕತ್ತರಿಸಿ, ವೈರುಗಳನ್ನು ಒಂದೊಂದಾಗಿ ಬೆರಳುಗಳ ನಡುವೆ ಬಾಗಿಸುತ್ತ ಬಂದ. ಒಂದು ಕಪ್ಪು ವೈರು ಒಂದೇ ಕಡೆ ಹಗ್ಗದಂತೆ ಜೋಲಿತು. ಹೊರಗಿನ ಪ್ಲಾಸ್ಟಿಕ್ ಸಿಪ್ಪೆ ಸರಿಯಾಗಿಯೇ ಇತ್ತು. ಬ್ಲೇಡಿನಿಂದ ಸೀಳಿದಾಗ ಒಳಗೆ ತಾಮ್ರದ ಎಳೆಗಳು ಹಸಿರುಗಟ್ಟಿ ತುಂಡಾಗಿದ್ದವು.

"ಕಡಲ ಬದಿಯ ಗಾಡಿ, ಉಪ್ಪುಗಾಳಿ ಒಳಗೆ ಹೊಕ್ಕದೆ. ಮೇಲಿಂದ ಈ ಕಟ್ಟು," ಎಂದ ಭಾಸ್ಕರ. "ಕೀಲಿಯಿಂದ ಕಿಡಿ ಪೆಟ್ಟಿಗೆಗೆ ಹೋಗೋ ವೈರು ಇದೊಂದೇ. ದೀಪ, ಹಾರ್ನ್, ಸೆಲ್ಫು ಎಲ್ಲಾ ಬೇರೆ ವೈರು, ಅದ್ಕೇ ಅವೆಲ್ಲ ಸಾಪ್ ಇದ್ವು. ಗ್ಯಾರೇಜಿನವ್ರು ಡಬಲ್ ಸ್ಟ್ಯಾಂಡ್ ಹಾಕಿ ಹ್ಯಾಂಡಲ್ ನೇರ ಇಟ್ಟೇ ನೋಡ್ತಾರೆ. ನಾನೂ ಹಂಗೇ ನೋಡಿದ್ದೆ ಬಿಡು." ಕಿಲುಬು ಹಿಡಿದ ತುಂಡು ತೆಗೆದು ಹೊಸ ವೈರು ಬೆಸೆದು, ಟೇಪು ಸುತ್ತಿ, ಸಡಿಲವಾಗಿ ಕಟ್ಟಿದ. ಹ್ಯಾಂಡಲನ್ನು ಎಡಕ್ಕೂ ಬಲಕ್ಕೂ ಇಪ್ಪತ್ತು ಸಲ ಹೊರಳಿಸುತ್ತ ಸ್ಟಾರ್ಟ್ ಮಾಡಿ ನೋಡಿದ. "ಕಂಡುಹಿಡಿದದ್ದು ಯಾರು ಅಂದೆ?"

"ಕೊಪ್ಪದ ಬಂಗಾರಕ್ಕ."

"ಕಣ್ಣು ಚುರುಕದೆ ಅವ್ರದ್ದು," ಎಂದ ಭಾಸ್ಕರ.

ಬೈಕು ಮತ್ತೆ ಕೆಡಲಿಲ್ಲ. ಆದರೆ ಬಂಗಾರಿ ಹೋದ ಮದುವೆಮನೆಗಳಿಂದೆಲ್ಲ ಉಮೇಶನಿಗೆ ಸುದ್ದಿ ಬರತೊಡಗಿತು. "ಡಾಕ್ಟ್ರ ತಪ್ಪಿಲ್ಲ, ಗಾಡಿ ಕೆಟ್ಟಿದ್ದು ನಾನೇ ಕಣ್ಣಾರೆ ಕಂಡೆ, ಸುಮ್ನೆ ಬೈದೆ ಅವ್ನಿಗೆ," ಎಂದು ಅವಳು ಕೇಳಿದವರಿಗೂ ಕೇಳದವರಿಗೂ ಹೇಳುತ್ತಿದ್ದಳಂತೆ. ಒಂದು ದಿನ ಸಂತೆಯಲ್ಲಿ ಸಿಕ್ಕಿದ ಮಾಲಿನಿಯ ಚೀಲಕ್ಕೆ ಬೇಡವೆಂದರೂ ಎರಡು ಕಟ್ಟು ಹರಿವೆ ತುರುಕಿದ್ದಳು. ಆ ಹರಿವೆಯ ಪಲ್ಯ ಉಮೇಶನಿಗೆ ಆ ರಾತ್ರಿ ರುಚಿಸಲಿಲ್ಲ. "ಬೈಗುಳ ತಿಂದಾಗ ಇಷ್ಟು ಕಷ್ಟ ಇರ್ಲಿಲ್ಲ" ಎಂದ. ಮಾಲಿನಿ ಯಾಕೆಂದು ಕೇಳಿದಳು, ಅವನು ಮೊದಲನೆಯ ಸಲ ಸುಳ್ಳಾಡಿದ್ದನ್ನು ಹೇಳಿದ. "ನಂಗೆ ಹೇಳಿ ಎಂತ ಆತು? ಅವ್ರಿಗೆ ಹೇಳಿ," ಎಂದು ಅವಳು ತಟ್ಟೆ ಎತ್ತಿದಳು.

ಆದರೂ ಅದನ್ನು ಹೇಳಲು ಅವನಿಗೆ ಮಾರ್ಚ್ ಬರಬೇಕಾಯಿತು. ಮೂರು ತಿಂಗಳ ಮೇಲೆ ಹಸುವಿನ ಗಬ್ಬ ಪರೀಕ್ಷೆಗೆ ಹೋದ. ಕೈ ಹಾಕಿ ನೋಡಿ, "ಗಬ್ಬ ನಿಂತದೆ ಬಂಗಾರಕ್ಕ," ಎಂದ. ಬಂಗಾರಿ ಹಸುವಿನ ಬೆನ್ನು ಸವರಿದಳು. ಆಮೇಲೆ ಅಂಗಳದಲ್ಲಿ ಅವನ ಕೈಗೆ ಚೊಂಬಿನಿಂದ ನೀರು ಹೊಯ್ಯತೊಡಗಿದಳು. ಉಮೇಶ ಮೊಣಕೈವರೆಗೆ ಸಾಬೂನು ಉಜ್ಜುತ್ತ ಹೇಳಿದ:

"ಮೊದಲ್ನೇ ಸಲ ಬರ್ಲಿಲ್ಲ ಅಲ್ದ, ಅವತ್ತು ಗಾಡಿ ಹತ್ತು ಗಂಟೆಗೇ ಸ್ಟಾರ್ಟ್ ಆಗಿತ್ತು. ನಾನು ವಿನೋದನ ಡೇರಿಗೆ ಹೋಗಿ ಅಲ್ಲೇ ಬಂಗಡೆ ಸಾರಿನ ಊಟಕ್ಕೆ ಕೂತೆ. ಫೋನಲ್ಲಿ ಸುಳ್ಳು ಹೇಳ್ದೆ."

ನೀರು ಬೀಳುವುದು ನಿಂತಿತು.

"ಎರಡ್ನೇ ಸಲ?"

"ಅದು ನಿಜ. ಪೂರಾ ನಿಜ."

"ನಾ ಊರೆಲ್ಲ ಹೇಳ್ಕಂಡು ಬಂದೆ, ಡಾಕ್ಟ್ರ ತಪ್ಪಿಲ್ಲ ಅಂತ."

"ಗೊತ್ತು. ಅದ್ಕೇ ಹೇಳ್ದೆ."

ಉಮೇಶನ ಕೈಯ ನೊರೆ ಒಣಗುತ್ತ ಬಂತು. ಅವಳು ಏನು ಬೈದರೂ ಬೈಸಿಕೊಳ್ಳಲು ಅವನು ತಯಾರಿದ್ದ. ಆದರೆ ಅವಳು ಉಳಿದ ನೀರನ್ನು ಅವನ ಕೈಗೆ ಒಂದೇ ಸಲಕ್ಕೆ ಹೊಯ್ದು, "ಆ ಮಾದಿ ಮನೆ ದನ ನಿನ್ನೆ ಸಂಜೆಯಿಂದ ಕೂಗ್ತದೆ," ಎಂದಳು. "ಒಂದೇ ದನಕ್ಕೆ ನೀ ಬತ್ಯಾ ಇಲ್ವಾ ಅಂತ ಅವ್ಳು ಫೋನೇ ಮಾಡ್ಲಿಲ್ಲ. ಗದ್ದೆ ಆಚೆ, ಹಳ್ಳ ದಾಟಿ ಹೋಗ್ಬೇಕು. ಗಾಡಿ ಹೋಗುದಿಲ್ಲ."

ಉಮೇಶ ಫೋನು ತೆಗೆದು ನೋಡಿದ. ವಿನೋದನ ಎರಡು ಮಿಸ್ಡ್ ಕಾಲ್ ಇತ್ತು. ಅದನ್ನು ಕಿಸೆಗೆ ಹಾಕಿ, ಬೈಕಿನ ಚೀಲದಿಂದ ಕ್ಯಾನು ಬಿಚ್ಚಿ ಹೆಗಲಿಗೆ ಏರಿಸಿದ.

"ಆತು. ದಾರಿ ತೋರ್ಸಿ," ಎಂದ.

ಬಂಗಾರಿ ಮುಂದೆ, ಅವನು ಹಿಂದೆ. ಹಳ್ಳದಲ್ಲಿ ಮೊಣಕಾಲುದ್ದ ನೀರಿತ್ತು. ಆಚೆ ದಡದಲ್ಲಿ ಸೀರೆ ಹಿಂಡಿಕೊಳ್ಳುತ್ತ, ಬಂಗಡೆ ಸಾರು ಹ್ಯಾಂಗಿತ್ತು ಎಂದು ಕೇಳಿದಳು. ಚೆನ್ನಾಗಿತ್ತು ಎಂದ ಉಮೇಶ. "ಇರ್ತದೆ, ಇರ್ತದೆ," ಎಂದು ಅವಳು ಮತ್ತೆ ನಡೆದಳು.

ಮಾದಿಯ ಕೊಟ್ಟಿಗೆಯಲ್ಲಿ ಕೆಲಸ ಮುಗಿಯುವಾಗ ಹತ್ತೂವರೆ. ಉಮೇಶ ಅಲ್ಲಿಂದಲೇ ವಿನೋದನಿಗೆ ಫೋನು ಮಾಡಿ, ಗಾಡಿಯ ಹೆಸರೆತ್ತದೆ, ಬೇರೆ ಮನೆಯಲ್ಲಿ ಇದ್ದೇನೆ, ಹಳ್ಳ ದಾಟಿ ಬರಬೇಕು, ಹನ್ನೊಂದೂವರೆಗೆ ಬರುತ್ತೇನೆ ಎಂದು ತಿಳಿಸಿದ.